ವಾರ್ಡಿನಲ್ಲಿ ಕೈ ಬದಲಾಯಿಸುವ ಜೀನ್‌ಗಳು

ಈಚೆಗೆ ಸಾರ್ವಜನಿಕರ ಮುಂದೆ ಕೊಟ್ಟ ಉಪನ್ಯಾಸದ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಮೂರು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ನಾನು ಆಸ್ಪತ್ರೆಯ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಐಸಿಯುನಲ್ಲಿ ಮಲಗಿರುವವರ ರಕ್ತ, ಮೂತ್ರ, ಕಫ ನಮ್ಮ ಮೇಜಿಗೆ ಬರುತ್ತವೆ. ಅದರಲ್ಲಿ ಯಾವ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದಕ್ಕೆ ಯಾವ ಔಷಧಿ ನಾಟುತ್ತದೆ ಅಂತ ನೋಡಿ ಹೇಳುವುದು ನಮ್ಮ ಕೆಲಸ. ರಿಪೋರ್ಟ್‌ನಲ್ಲಿ ಸಾಲಾಗಿ 'ರೆಸಿಸ್ಟೆಂಟ್, ರೆಸಿಸ್ಟೆಂಟ್' ಅಂತ ಬಂದಾಗ ಮನೆಯವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅವರ ಮೈಗೆ ಆ್ಯಂಟಿಬಯಾಟಿಕ್ ಒಗ್ಗಿಹೋಗಿದೆಯಾ ಡಾಕ್ಟ್ರೇ? ಅದಕ್ಕೇ ನಾಟ್ತಿಲ್ವಾ?"

ಮೈ ಒಗ್ಗಿಕೊಂಡಿಲ್ಲ. ಔಷಧಿಗೆ ಜಗ್ಗದೆ ನಿಂತಿರುವುದು ಮೈಯೊಳಗೆ ಸೇರಿಕೊಂಡಿರುವ ಬ್ಯಾಕ್ಟೀರಿಯಾ. ಎಷ್ಟೋ ಸಲ ಆ ರೋಗಿ ಆ ಔಷಧಿಯನ್ನು ಜೀವಮಾನದಲ್ಲಿ ಒಮ್ಮೆಯೂ ತೆಗೆದುಕೊಂಡಿರುವುದಿಲ್ಲ. ಹಾಗಿದ್ದರೂ ಅವರ ದೇಹದಲ್ಲಿ ಸಿಕ್ಕ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗುವುದಿಲ್ಲ. ಅಷ್ಟು ಗಟ್ಟಿತನ ಅದಕ್ಕೆ ಎಲ್ಲಿಂದ ಬಂತು? ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ.

'ಒಗ್ಗಿಹೋಗುವುದು' ಎನ್ನುವ ಮಾತು ಬ್ಯಾಕ್ಟೀರಿಯಾಕ್ಕೂ ಸರಿಹೊಂದುವುದಿಲ್ಲ. ಒಂದು ಬ್ಯಾಕ್ಟೀರಿಯಾ ದಿನಾ ಸ್ವಲ್ಪ ಸ್ವಲ್ಪ ಔಷಧಿ ಕಂಡು ಕಂಡು ಗಟ್ಟಿಯಾಗುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ನಿಜವೇ ಅಂತ ಜೋಶುವಾ ಲೆಡರ್‌ಬರ್ಗ್ ಮತ್ತು ಎಸ್ತರ್ ಲೆಡರ್‌ಬರ್ಗ್ 1952ರಲ್ಲಿ ಪರೀಕ್ಷೆ ಮಾಡಿದರು. ಅವರು ಬಳಸಿದ್ದು ಒಂದು ತುಂಡು ಮಖಮಲ್ ಬಟ್ಟೆ. ಔಷಧಿಯಿಲ್ಲದ ಪ್ಲೇಟ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿದರು. ಅದರ ಮೇಲೆ ಮಖಮಲ್ ಬಟ್ಟೆಯನ್ನು ಮೆಲ್ಲಗೆ ಒತ್ತಿದರು. ಅದೇ ಬಟ್ಟೆಯನ್ನು ಸ್ಟ್ರೆಪ್ಟೊಮೈಸಿನ್ ಇರುವ ಇನ್ನೊಂದು ಪ್ಲೇಟ್‌ಗೆ ಒತ್ತಿದರು, ರಬ್ಬರ್ ಸ್ಟ್ಯಾಂಪ್ ಒತ್ತಿದ ಹಾಗೆ. ಎರಡನೇ ಪ್ಲೇಟ್‌ನಲ್ಲಿ ಬಹುತೇಕ ಎಲ್ಲವೂ ಸತ್ತವು. ಅಲ್ಲೊಂದು ಇಲ್ಲೊಂದು ಚುಕ್ಕೆ ಮಾತ್ರ ಬೆಳೆಯಿತು. ಆಮೇಲೆ ಮೊದಲ ಪ್ಲೇಟ್‌ನಲ್ಲಿ ಅದೇ ಜಾಗಕ್ಕೆ ಹೋಗಿ, ಔಷಧಿಯನ್ನು ಒಮ್ಮೆಯೂ ಕಾಣದ ಬ್ಯಾಕ್ಟೀರಿಯಾವನ್ನು ಎತ್ತಿ ನೋಡಿದರು. ಅದು ಆಗಲೇ ಗಟ್ಟಿಯಾಗಿತ್ತು! ಔಷಧಿ ಬರುವ ಮೊದಲೇ ಆ ಗುಣ ಅಲ್ಲಿತ್ತು. ಔಷಧಿ ಮಾಡಿದ್ದು ಉಳಿದವನ್ನೆಲ್ಲ ಸಾಯಿಸಿ ಅದಕ್ಕೆ ಜಾಗ ಬಿಟ್ಟುಕೊಟ್ಟ ಕೆಲಸ.

ಆ ಗುಣ ಇರುವುದು ಜೀನ್‌ನಲ್ಲಿ, ಅಂದರೆ ವಂಶವಾಹಿಯಲ್ಲಿ. ಒಂದು ಬ್ಯಾಕ್ಟೀರಿಯಾಕ್ಕೆ ಅಂಥ ಜೀನ್ ಬರುವುದಕ್ಕೆ ದೊಡ್ಡ ದಾರಿಗಳು ಎರಡು. ತನ್ನದೇ ಡಿಎನ್‌ಎಯಲ್ಲಿ ಅಕ್ಷರ ತಪ್ಪಾಗುವುದು ಒಂದು. ಬೇರೆಯವರಿಂದ ತಯಾರಾದ ಜೀನ್ ಸಿಗುವುದು ಇನ್ನೊಂದು. ಆಸ್ಪತ್ರೆಯಲ್ಲಿ ನಮ್ಮನ್ನು ಜಾಸ್ತಿ ಕಾಡುವುದು ಎರಡನೆಯದು. ಆದರೂ ಮೊದಲನೆಯದನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಕರುಳಿನಲ್ಲಿ ವಾಸಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾದ ಡಿಎನ್‌ಎ ಸುಮಾರು 46 ಲಕ್ಷ ಅಕ್ಷರಗಳ ಉದ್ದ. ಅನುಕೂಲವಿದ್ದರೆ 20 ನಿಮಿಷಕ್ಕೊಮ್ಮೆ ಅದು ಎರಡಾಗುತ್ತದೆ. ಪ್ರತಿ ಸಲವೂ ಅಷ್ಟನ್ನೂ ನಕಲು ಮಾಡಬೇಕು. ನಕಲು ಮಾಡುವ ವ್ಯವಸ್ಥೆ ತುಂಬಾ ಚೊಕ್ಕ. ಸಾವಿರ ಸಲ ನಕಲು ಮಾಡಿದರೆ ಒಂದೆರಡು ಸಲ ಎಲ್ಲೋ ಒಂದು ಅಕ್ಷರ ತಪ್ಪಬಹುದು, ಅಷ್ಟೇ. ಆದರೆ ಒಂದು ಕೀವಿನ ಗಡ್ಡೆಯಲ್ಲಿ ನೂರಾರು ಕೋಟಿ ಬ್ಯಾಕ್ಟೀರಿಯಾ ಇರುತ್ತವೆ. ಅಷ್ಟು ದೊಡ್ಡ ಗುಂಪಿನಲ್ಲಿ ಬೇಕಾದ ತಪ್ಪು ಯಾರಿಗೋ ಒಬ್ಬರಿಗೆ ಆಗಿಯೇ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್ ಹೆಸರು ನೀವೆಲ್ಲ ಕೇಳಿರುತ್ತೀರಿ. ಅದು ಹೋಗಿ ಕೂರುವುದು ಡಿಎನ್‌ಎಯ ಸುರುಳಿಯನ್ನು ಸಂಭಾಳಿಸುವ ಗೈರೇಸ್ ಎಂಬ ಕಿಣ್ವದ ಮೇಲೆ. ಆ ಕಿಣ್ವದ ಜೀನ್ ಹೆಸರು ಜೈರ್-ಎ. ಇ. ಕೋಲಿಯಲ್ಲಿ ಆ ಕಿಣ್ವದ 83ನೇ ಅಮೈನೋ ಆಮ್ಲ, ಅಂದರೆ ಅದರ ಸರಪಳಿಯ 83ನೇ ಕೊಂಡಿ, ಸೆರಿನ್. ಜೀನ್‌ನಲ್ಲಿ 'ಸಿ' ಇರಬೇಕಾದ ಒಂದೇ ಒಂದು ಕಡೆ 'ಟಿ' ಬಂದರೆ ಆ ಸೆರಿನ್ ಹೋಗಿ ಲ್ಯೂಸಿನ್ ಬರುತ್ತದೆ. ಔಷಧಿಗೆ ಹಿಡಿತ ತಪ್ಪುತ್ತದೆ. 46 ಲಕ್ಷದಲ್ಲಿ ಒಂದು ಅಕ್ಷರ! ಇನ್ನೊಂದು ಜೀನ್‌ನಲ್ಲಿ ಇಂಥದ್ದೇ ಎರಡನೇ ತಪ್ಪು ಸೇರಿಕೊಂಡರೆ ಔಷಧಿಗೆ ಇನ್ನೂ ಹೆಚ್ಚು ಗಟ್ಟಿಯಾಗುತ್ತದೆ.

ಇದನ್ನು ಕಣ್ಣಾರೆ ತೋರಿಸಿದ ಪ್ರಯೋಗವೊಂದಿದೆ. 2016ರಲ್ಲಿ ಹಾರ್ವರ್ಡ್‌ನಲ್ಲಿ ಮೈಕೆಲ್ ಬೇಮ್, ರಾಯ್ ಕಿಶೋನಿ ಮತ್ತವರ ಜೊತೆಗಾರರು ಮಾಡಿದ್ದು. ನಾಲ್ಕಡಿ ಉದ್ದ, ಎರಡಡಿ ಅಗಲದ ಒಂದು ತಟ್ಟೆ. ಅದರಲ್ಲಿ ಕಪ್ಪು ಬಣ್ಣದ ಅಗಾರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಲೋಳೆಯಂಥ ಪದಾರ್ಥ. ಎರಡು ತುದಿಯಲ್ಲಿ ಔಷಧಿ ಇಲ್ಲ. ಒಳಗೆ ಹೋದ ಹಾಗೆ ಪಟ್ಟಿ ಪಟ್ಟಿಯಾಗಿ ಔಷಧಿ ಏರುತ್ತಾ ಹೋಗಿ ನಡುವಿನಲ್ಲಿ ಅತಿ ಹೆಚ್ಚು. ತುದಿಯಲ್ಲಿ ಬಿಟ್ಟ ಇ. ಕೋಲಿ ಬಿಳಿ ಪೊರೆಯ ಹಾಗೆ ಹರಡಿ ಮೊದಲ ಗೆರೆಗೆ ಬಂದು ನಿಂತುಬಿಡುತ್ತದೆ. ಸ್ವಲ್ಪ ಹೊತ್ತಿಗೆ ಗೆರೆಯ ಮೇಲೆ ಒಂದು ಬಿಳಿ ಚುಕ್ಕೆ ಮೂಡುತ್ತದೆ. ಆ ಚುಕ್ಕೆ ಬೀಸಣಿಗೆ ಬಿಚ್ಚಿದ ಹಾಗೆ ಮುಂದಿನ ಪಟ್ಟಿಯನ್ನೆಲ್ಲ ತುಂಬುತ್ತದೆ. ಮತ್ತೆ ಗೆರೆ, ಮತ್ತೆ ಚುಕ್ಕೆ. ಸುಮಾರು ಹತ್ತು ದಿನಗಳಲ್ಲಿ, ಮೊದಲು ಸಾಯಿಸುತ್ತಿದ್ದ ಪ್ರಮಾಣಕ್ಕಿಂತ ಸಾವಿರ ಪಟ್ಟು ಔಷಧಿ ಇರುವ ಜಾಗದಲ್ಲಿ ಅವು ಬೆಳೆಯುತ್ತಿದ್ದವು. ಆ ವಿಡಿಯೋ ಸಿಕ್ಕರೆ ದಯವಿಟ್ಟು ನೋಡಿ. ಎಷ್ಟು ಸಲ ನೋಡಿದರೂ ನನಗೆ ಎದೆ ಝಲ್ಲೆನ್ನುತ್ತದೆ.

ವಾರ್ಡಿನಲ್ಲೂ ಇದರ ಒಂದು ರೂಪವನ್ನು ಕಾಣುತ್ತೇವೆ. ಎಂಟರೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎಯಲ್ಲೇ ಆ್ಯಂಪ್-ಸಿ ಎಂಬ ಜೀನ್ ಇದೆ. ಪೆನಿಸಿಲಿನ್ ಜಾತಿಯ ಔಷಧಿಗಳನ್ನು, ಮುಂದಿನ ತಲೆಮಾರಿನ ಸೆಫಲೋಸ್ಪೊರಿನ್‌ಗಳನ್ನೂ ಅದು ಮುರಿದು ಹಾಕಬಲ್ಲದು. ಆದರೆ ಸಾಮಾನ್ಯವಾಗಿ ಆ ಜೀನ್ ಮೇಲೆ ಹಿಡಿತ ಇರುತ್ತದೆ, ಕೆಲಸ ಅಷ್ಟಕ್ಕಷ್ಟೇ. ಹಾಗಾಗಿ ಮೊದಲ ರಿಪೋರ್ಟ್‌ನಲ್ಲಿ ಅಂಥದ್ದೇ ಒಂದು ಸೆಫಲೋಸ್ಪೊರಿನ್ ಆದ ಸೆಫ್ಟ್ರಿಯಾಕ್ಸೋನ್ ನಾಟುತ್ತದೆ ಅಂತ ಬರುತ್ತದೆ. ಔಷಧಿ ಶುರುವಾಗುತ್ತದೆ, ಜ್ವರ ಇಳಿಯುತ್ತದೆ, ಮನೆಯವರು ಉಸಿರು ಬಿಡುತ್ತಾರೆ. ನಾಲ್ಕೈದು ದಿನಕ್ಕೆ ಮತ್ತೆ ಜ್ವರ. ಹೊಸ ರಕ್ತದ ಮಾದರಿಯಲ್ಲಿ ಅದೇ ಎಂಟರೋಬ್ಯಾಕ್ಟರ್, ಈಗ ಸೆಫ್ಟ್ರಿಯಾಕ್ಸೋನ್ ನಾಟುವುದಿಲ್ಲ. ಹಿಡಿತದ ಜೀನ್ ಮುರಿದುಹೋದ ಕೆಲವೇ ಬ್ಯಾಕ್ಟೀರಿಯಾಗಳು ಮೊದಲೇ ಆ ಗುಂಪಿನಲ್ಲಿದ್ದವು. ಉಳಿದವು ಸತ್ತ ಮೇಲೆ ಅವೇ ತುಂಬಿಕೊಂಡವು. ಅದಕ್ಕೇ ಎಂಟರೋಬ್ಯಾಕ್ಟರ್ ಅಂತ ಹೆಸರು ಕಂಡಕೂಡಲೇ, ರಿಪೋರ್ಟ್‌ನಲ್ಲಿ ಏನೇ ಇರಲಿ, ಅನುಭವಿ ವೈದ್ಯರು ಸೆಫ್ಟ್ರಿಯಾಕ್ಸೋನ್ ಬರೆಯಲು ಹಿಂದೆಮುಂದೆ ನೋಡುತ್ತಾರೆ.

ಇಷ್ಟಾದರೂ ಅದು ಮೊದಲನೆಯ ದಾರಿ. ಎರಡನೆಯದಕ್ಕೆ ಹೋಗುವ ಮೊದಲು ನನ್ನ ಮೇಜಿನ ಮೇಲಿನ ಒಂದು ಪ್ಲೇಟ್ ತೋರಿಸುತ್ತೇನೆ. ಜೀನ್ ಎನ್ನುವುದು ಪುಸ್ತಕದ ಮಾತಲ್ಲ, ಅಂಗೈಯಲ್ಲಿ ಹಿಡಿದು ನೋಡಬಹುದಾದ ವಿಷಯ ಅಂತ ನನಗೆ ಮೊದಲು ಅನ್ನಿಸಿದ್ದು ಇದನ್ನು ನೋಡಿದಾಗ.

ಗಾಯದಿಂದ ಬಂದ ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾವನ್ನು ಅಗಾರ್ ಪ್ಲೇಟ್ ಮೇಲೆ ಹತ್ತಿಯ ಕಡ್ಡಿಯಿಂದ ಸಮನಾಗಿ ಸವರುತ್ತೇವೆ. ಅದರ ಮೇಲೆ 6 ಮಿಲಿಮೀಟರ್‌ನ ಔಷಧಿ ಹಾಕಿದ ಪುಟ್ಟ ಕಾಗದದ ಬಿಲ್ಲೆಗಳನ್ನು ಇಡುತ್ತೇವೆ. ಒಂದರಲ್ಲಿ ಎರಿಥ್ರೊಮೈಸಿನ್, ಎರಡು ಸೆಂಟಿಮೀಟರ್ ಆಚೆ ಇನ್ನೊಂದರಲ್ಲಿ ಕ್ಲಿಂಡಾಮೈಸಿನ್. ರಾತ್ರಿಯಿಡೀ 35 ಡಿಗ್ರಿ ಶಾಖದಲ್ಲಿ ಇಟ್ಟು ಬೆಳಗ್ಗೆ ತೆಗೆದು ಬೆಳಕಿಗೆ ಹಿಡಿಯುತ್ತೇವೆ. ಪ್ಲೇಟ್ ತುಂಬಾ ಮಂಜು ಹಿಡಿದ ಹಾಗೆ ಬ್ಯಾಕ್ಟೀರಿಯಾ ಬೆಳೆದಿರುತ್ತದೆ. ಎರಿಥ್ರೊಮೈಸಿನ್ ಬಿಲ್ಲೆಯ ಅಂಚಿನವರೆಗೂ ಬೆಳೆದಿದೆ. ಅದು ನಾಟಿಲ್ಲ. ಕ್ಲಿಂಡಾಮೈಸಿನ್ ಸುತ್ತ ಮಾತ್ರ ತಿಳಿಯಾದ ಜಾಗ ಇದೆ. ನಾಟಿದೆ ಅಂತ ಬರೆದುಬಿಡಬಹುದು, ಅಲ್ವಾ? ತಡೆಯಿರಿ. ಆ ತಿಳಿ ಜಾಗ ಪೂರ್ತಿ ದುಂಡಗಿಲ್ಲ. ಎರಿಥ್ರೊಮೈಸಿನ್ ಕಡೆಗೆ ಮುಖ ಮಾಡಿದ ಬದಿ ಚಪ್ಪಟೆಯಾಗಿದೆ. ಇಂಗ್ಲಿಷಿನ 'ಡಿ' ಅಕ್ಷರದ ಹಾಗೆ.

ಆ ಚಪ್ಪಟೆ ಬದಿಯಲ್ಲಿ ಒಂದು ಜೀನ್ ಕಣ್ಣುಬಿಟ್ಟಿದೆ. ಅದರ ಹೆಸರು ಎರ್ಮ್. ಈ ಎರಡೂ ಔಷಧಿಗಳು ಬ್ಯಾಕ್ಟೀರಿಯಾದ ಪ್ರೋಟೀನ್ ಕಾರ್ಖಾನೆಯಾದ ರೈಬೋಸೋಮ್‌ನ ಒಂದೇ ಜಾಗಕ್ಕೆ ಅಂಟಿಕೊಳ್ಳುತ್ತವೆ. ಎರ್ಮ್ ಜೀನ್‌ನ ಕಿಣ್ವ ಅಲ್ಲಿಗೆ ಒಂದು ಪುಟ್ಟ ಮೀಥೈಲ್ ಗುಂಪನ್ನು ಅಂಟಿಸಿ ಜಾಗ ಮುಚ್ಚುತ್ತದೆ. ಆದರೆ ಈ ಜೀನ್ ಸುಮ್ನೆ ಕೆಲಸ ಮಾಡುವುದಿಲ್ಲ. ಅದರ ಸಂದೇಶದ ಎಳೆ ತನ್ನ ಮೇಲೇ ಮಡಚಿಕೊಂಡಿರುತ್ತದೆ. ಎರಿಥ್ರೊಮೈಸಿನ್ ಬಂದಾಗ ಮಡಿಕೆ ಬಿಚ್ಚಿಕೊಂಡು ಕಿಣ್ವ ತಯಾರಾಗುತ್ತದೆ. ಕ್ಲಿಂಡಾಮೈಸಿನ್‌ಗೆ ಆ ಮಡಿಕೆಯನ್ನು ಬಿಚ್ಚುವ ಶಕ್ತಿ ಇಲ್ಲ. ಅದಕ್ಕೇ ಎರಿಥ್ರೊಮೈಸಿನ್ ಹರಡಿರುವ ಬದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಎರಡನ್ನೂ ತಡೆದುಕೊಂಡು ಬೆಳೆದಿದೆ. ಇಂಥ ಸೋಂಕಿಗೆ ಕ್ಲಿಂಡಾಮೈಸಿನ್ ಕೊಟ್ಟರೆ, ಮಡಿಕೆ ಶಾಶ್ವತವಾಗಿ ಬಿಚ್ಚಿಹೋದ ತಳಿ ಮೇಲೆದ್ದು ಚಿಕಿತ್ಸೆ ಕೈಕೊಡಬಹುದು. ಎರಡು ಬಿಲ್ಲೆಗಳನ್ನು ದೂರ ದೂರ ಇಟ್ಟಿದ್ದರೆ ಆ 'ಡಿ' ಕಾಣುತ್ತಲೇ ಇರಲಿಲ್ಲ.

ಈಗ ಎರಡನೆಯ ದಾರಿ. ಎರವಲು ಬರುವ ಜೀನ್‌ಗಳು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಜಪಾನಿನಲ್ಲಿ ಆಮಶಂಕೆ ಜೋರಾಗಿತ್ತು. ಅದಕ್ಕೆ ಕಾರಣ ಶಿಗೆಲ್ಲಾ ಎಂಬ ಬ್ಯಾಕ್ಟೀರಿಯಾ. ಸಲ್ಫಾ, ಸ್ಟ್ರೆಪ್ಟೊಮೈಸಿನ್, ಟೆಟ್ರಾಸೈಕ್ಲಿನ್, ಕ್ಲೋರಾಂಫೆನಿಕಾಲ್, ಹೀಗೆ ಔಷಧಿಗಳು ಒಂದೊಂದಾಗಿ ಬಂದವು. 1950ರ ದಶಕದಲ್ಲಿ ಈ ನಾಲ್ಕಕ್ಕೂ ಒಟ್ಟಿಗೇ ಬಗ್ಗದ ಶಿಗೆಲ್ಲಾ ಕಾಣಿಸಿಕೊಂಡಿತು. ಅಕ್ಷರ ತಪ್ಪಿನ ಲೆಕ್ಕ ಇಲ್ಲಿ ಕೂಡಲಿಲ್ಲ. ಒಂದೇ ಬ್ಯಾಕ್ಟೀರಿಯಾದಲ್ಲಿ ನಾಲ್ಕು ಅಪರೂಪದ ತಪ್ಪುಗಳು ಒಟ್ಟಿಗೆ ಆಗುವುದು ಅಸಾಧ್ಯಕ್ಕೆ ಹತ್ತಿರ. ಜೊತೆಗೆ ಇನ್ನೊಂದು ವಿಚಿತ್ರ. ಅದೇ ರೋಗಿಗಳ ಕರುಳಿನಲ್ಲಿದ್ದ ಸಾಧು ಇ. ಕೋಲಿಗೂ ಅವೇ ನಾಲ್ಕು ಔಷಧಿಗಳು ನಾಟುತ್ತಿರಲಿಲ್ಲ. 1959ರಲ್ಲಿ ಕುನಿತಾರೊ ಒಚಿಯಾಯಿ ಮತ್ತು ತೊಮೊಯಿಚಿರೊ ಅಕಿಬಾ ಅವರ ಗುಂಪುಗಳು ಬೇರೆ ಬೇರೆಯಾಗಿ ಒಂದೇ ಉತ್ತರಕ್ಕೆ ಬಂದವು. ಗಟ್ಟಿ ಇ. ಕೋಲಿಯನ್ನೂ ಮೆತ್ತಗಿನ ಶಿಗೆಲ್ಲಾವನ್ನೂ ಒಂದೇ ಕೊಳವೆಯಲ್ಲಿ ಬೆರೆಸಿ ಇಟ್ಟರೆ ಸಾಕು. ಸ್ವಲ್ಪ ಹೊತ್ತಿಗೆ ಶಿಗೆಲ್ಲಾವೂ ನಾಲ್ಕೂ ಔಷಧಿಗೆ ಗಟ್ಟಿ. ತ್ಸುತೊಮು ವತನಾಬೆ 1963ರಲ್ಲಿ ಇದನ್ನೆಲ್ಲ ಇಂಗ್ಲಿಷಿನಲ್ಲಿ ವಿವರವಾಗಿ ಬರೆದ ಮೇಲೆ ಉಳಿದ ಜಗತ್ತು ಎಚ್ಚೆತ್ತಿತು.

ಕೈ ಬದಲಾಯಿಸಿದ್ದು ಪ್ಲಾಸ್ಮಿಡ್. ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎಯ ಪಕ್ಕದಲ್ಲಿ ಪ್ರತ್ಯೇಕವಾಗಿ ಇರುವ ಡಿಎನ್‌ಎ ಬಳೆ ಅದು. ಅದಕ್ಕೆ ತನ್ನನ್ನು ತಾನೇ ನಕಲು ಮಾಡಿಕೊಳ್ಳಲು ಬರುತ್ತದೆ. ಎರಡು ಬ್ಯಾಕ್ಟೀರಿಯಾಗಳ ನಡುವೆ ಸೇತುವೆ ಕಟ್ಟಿ, ಒಂದು ಪ್ರತಿಯನ್ನು ಆಚೆ ದಾಟಿಸಲೂ ಬರುತ್ತದೆ. ಕೊಟ್ಟವರ ಬಳಿಯೂ ಪ್ರತಿ ಉಳಿಯುತ್ತದೆ, ತೆಗೆದುಕೊಂಡವರಿಗೂ ಸಿಗುತ್ತದೆ. ಇಬ್ಬರೂ ಒಂದೇ ಜಾತಿಯವರಾಗಿರಬೇಕು ಅಂತೇನೂ ಇಲ್ಲ.

ಇದು ಬರೀ ಬಳೆಯೂ ಅಲ್ಲ, ಒಂದರೊಳಗೊಂದು ಇಟ್ಟ ಪೆಟ್ಟಿಗೆಗಳ ಹಾಗೆ. ಪ್ಲಾಸ್ಮಿಡ್‌ನ ಒಳಗೆ ಟ್ರಾನ್ಸ್‌ಪೊಸಾನ್. ಅಂದರೆ ಒಂದು ಡಿಎನ್‌ಎಯಿಂದ ಕಿತ್ತುಕೊಂಡು ಇನ್ನೊಂದಕ್ಕೆ ನೆಗೆಯುವ ತುಂಡು. ಇಂಥ ನೆಗೆಯುವ ಜೀನ್‌ಗಳನ್ನು ಮೆಕ್ಕೆಜೋಳದಲ್ಲಿ ಮೊದಲು ಕಂಡ ಬಾರ್ಬರಾ ಮೆಕ್ಲಿಂಟಾಕ್ ಅವರಿಗೆ 1983ರಲ್ಲಿ ನೊಬೆಲ್ ಬಂತು. ಟ್ರಾನ್ಸ್‌ಪೊಸಾನ್‌ನ ಒಳಗೆ ಎಷ್ಟೋ ಸಲ ಇಂಟಿಗ್ರಾನ್ ಎಂಬ ಇನ್ನೊಂದು ವ್ಯವಸ್ಥೆ. ಅದು ಬಿಡಿ ಜೀನ್‌ಗಳನ್ನು ಹಿಡಿದು ಸಾಲಾಗಿ ಪೋಣಿಸಿಕೊಳ್ಳುತ್ತದೆ. ಸಾಲಿನ ಮುಂದಿರುವ ಜೀನ್‌ಗೆ ಹೆಚ್ಚು ಕೆಲಸ, ಹಿಂದಿರುವುದಕ್ಕೆ ಕಡಿಮೆ. ಆಸ್ಪತ್ರೆಯಲ್ಲಿ ಸಿಗುವ ಇಂಟಿಗ್ರಾನ್‌ಗಳ ಬಾಲದಲ್ಲಿ ಸಲ್ಫಾ ಔಷಧಿಗೆ ಜಗ್ಗದ ಜೀನ್ ಒಂದು ಸಾಮಾನ್ಯವಾಗಿ ಇರುತ್ತದೆ. ಅದರ ಪಕ್ಕದಲ್ಲೇ ಕೆಲವು ಸೋಂಕುನಿವಾರಕ ದ್ರಾವಣಗಳನ್ನು ಹೊರಗೆ ತಳ್ಳುವ ಪಂಪಿನ ಜೀನ್‌ನ ತುಂಡೂ ಇರುತ್ತದೆ. ಫ್ರಾನ್ಸ್‌ನಲ್ಲಿ ಸಿಕ್ಕ ಒಂದು ಅಸಿನೆಟೋಬ್ಯಾಕ್ಟರ್‌ನ ಡಿಎನ್‌ಎಯನ್ನು 2006ರಲ್ಲಿ ಓದಿದಾಗ, 86 ಸಾವಿರ ಅಕ್ಷರಗಳ ಒಂದೇ ತುಂಡಿನಲ್ಲಿ ಇಂಥ 45 ಜೀನ್‌ಗಳು ಗುಡ್ಡೆ ಹಾಕಿಕೊಂಡು ಕೂತಿದ್ದವು.

ಇದರಿಂದ ಆಗುವ ತೊಂದರೆಯನ್ನು ಗಮನಿಸಿ. ಒಂದೇ ಪ್ಲಾಸ್ಮಿಡ್‌ನಲ್ಲಿ ಐದು ಔಷಧಿಗಳ ಜೀನ್‌ಗಳಿವೆ ಅಂದುಕೊಳ್ಳಿ. ಐದರಲ್ಲಿ ಯಾವ ಒಂದನ್ನು ಬಳಸಿದರೂ ಉಳಿದ ನಾಲ್ಕೂ ಜೊತೆಗೇ ಉಳಿದುಕೊಳ್ಳುತ್ತವೆ. 'ಆ ಔಷಧಿಯನ್ನು ನಾವು ಬಳಸೇ ಇಲ್ಲ, ಆದರೂ ಯಾಕೆ ನಾಟುತ್ತಿಲ್ಲ' ಅನ್ನುವ ಪ್ರಶ್ನೆಗೆ ಉತ್ತರ ಇಲ್ಲಿದೆ. ಇನ್ನೊಂದು ಮಾತೂ ಇದೆ. ಸಿಪ್ರೊಫ್ಲಾಕ್ಸಾಸಿನ್ ಬಿದ್ದಾಗ ಬ್ಯಾಕ್ಟೀರಿಯಾದ ಡಿಎನ್‌ಎ ಮುರಿಯುತ್ತದೆ. ಆಗ ಬ್ಯಾಕ್ಟೀರಿಯಾ ಎಸ್‌ಒಎಸ್ ಎಂಬ ತುರ್ತು ವ್ಯವಸ್ಥೆಯನ್ನು ಚಾಲೂ ಮಾಡುತ್ತದೆ. ಅದೇ ತುರ್ತು ಕರೆಗೆ ಇಂಟಿಗ್ರಾನ್‌ನ ಪೋಣಿಸುವ ಕಿಣ್ವವೂ ಎಚ್ಚರಗೊಳ್ಳುತ್ತದೆ. ಹೀಗೆ ಔಷಧಿ ಗಟ್ಟಿಯಾದವನ್ನು ಆರಿಸುವುದಷ್ಟೇ ಅಲ್ಲ, ಜೀನ್‌ಗಳ ಓಡಾಟವನ್ನೂ ಚುರುಕುಗೊಳಿಸುತ್ತದೆ.

ಈ ಜೀನ್‌ಗಳು ಮಾಡುವ ಕೆಲಸ ಏನು? ಕೆಲವು ಔಷಧಿಯನ್ನೇ ಕತ್ತರಿಸುತ್ತವೆ. ಕೆಲವು ಒಳಗೆ ಬಂದ ಔಷಧಿಯನ್ನು ಪಂಪ್ ಮಾಡಿ ಹೊರಗೆ ಹಾಕುತ್ತವೆ. ಬಾಗಿಲನ್ನೇ ಕಳೆದುಕೊಂಡು ಬದುಕುವವೂ ಇವೆ. ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ತನ್ನ ಹೊರಪೊರೆಯ ಓಪಿಆರ್-ಡಿ ಎಂಬ ರಂಧ್ರವನ್ನು ಕಳೆದುಕೊಂಡರೆ ಇಮಿಪೆನೆಮ್ ಎಂಬ ಔಷಧಿ ಒಳಗೆ ಹೋಗಲು ದಾರಿಯೇ ಇರುವುದಿಲ್ಲ. ಇವನ್ನೆಲ್ಲ ಒಂದೊಂದಾಗಿ ಹೇಳುತ್ತಾ ಕೂರುವುದಿಲ್ಲ. ನನಗೆ ಅತಿ ಬೆರಗು ಹುಟ್ಟಿಸುವ ಒಂದನ್ನು ಮಾತ್ರ ಬಿಡಿಸಿ ಹೇಳುತ್ತೇನೆ.

ವ್ಯಾಂಕೊಮೈಸಿನ್ 1958ರಿಂದ ಬಳಕೆಯಲ್ಲಿದೆ. ಬ್ಯಾಕ್ಟೀರಿಯಾ ತನ್ನ ಗೋಡೆಗೆ ಬಳಸುವ ಇಟ್ಟಿಗೆಗೆ ಒಂದು ಬಾಲ ಇರುತ್ತದೆ. ಬಾಲದ ತುದಿಯಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಎರಡು. ವ್ಯಾಂಕೊಮೈಸಿನ್ ಆ ತುದಿಗೆ ಟೋಪಿಯ ಹಾಗೆ ಕೂತುಬಿಡುತ್ತದೆ. ಇಟ್ಟಿಗೆ ಗೋಡೆಗೆ ಸೇರುವುದೇ ಇಲ್ಲ. ಬಾಲವನ್ನು ಮಾಡುವುದು ಒಂದು ಕಿಣ್ವವಲ್ಲ, ಅನೇಕ ಕಿಣ್ವಗಳು. ಒಂದು ಅಕ್ಷರ ತಪ್ಪಿಸಿ ಇದನ್ನು ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ಸುಮಾರು ಮೂವತ್ತು ವರ್ಷ ಈ ಔಷಧಿಗೆ ಸೋಲಿಲ್ಲ ಅಂತಲೇ ಎಲ್ಲರೂ ನಂಬಿದ್ದರು. 1980ರ ದಶಕದ ಕೊನೆಗೆ ಯೂರೋಪಿನಲ್ಲಿ ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೋಕಾಕಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಬಿಚ್ಚಿ ನೋಡಿದರೆ ಅದರ ಟ್ರಾನ್ಸ್‌ಪೊಸಾನ್‌ನಲ್ಲಿ ಜೀನ್‌ಗಳ ಪೂರ್ತಿ ತಂಡವೇ ಇತ್ತು. ಔಷಧಿ ಬಂದಿದೆಯೇ ಅಂತ ಕಾವಲು ಕಾಯುವ ಎರಡು ಜೀನ್‌ಗಳು. ಅಲನಿನ್ ಬದಲು ಲ್ಯಾಕ್ಟೇಟ್ ತಯಾರಿಸುವುದು ಒಂದು, ಅದನ್ನು ಬಾಲಕ್ಕೆ ಜೋಡಿಸುವುದು ಒಂದು. ಹಳೇ ತರಹದ ಬಾಲ ಉಳಿದಿದ್ದರೆ ಹುಡುಕಿ ಕತ್ತರಿಸುವುದು ಇನ್ನೊಂದು. ತುದಿಯ ಅಲನಿನ್ ಹೋಗಿ ಲ್ಯಾಕ್ಟೇಟ್ ಬಂದಾಗ ತಪ್ಪುವುದು ಒಂದೇ ಒಂದು ಹೈಡ್ರೋಜನ್ ಬಂಧ. ಔಷಧಿಯ ಹಿಡಿತ ಮಾತ್ರ ಸಾವಿರ ಪಟ್ಟು ಸಡಿಲ.

ಇಷ್ಟು ಅಚ್ಚುಕಟ್ಟಾದ ತಂಡ ಮೂವತ್ತು ವರ್ಷದಲ್ಲಿ ಹುಟ್ಟಲು ಸಾಧ್ಯವೇ? ಇಲ್ಲ. 2011ರಲ್ಲಿ ಕೆನಡಾದ ಯೂಕಾನ್ ಪ್ರದೇಶದ ಹೆಪ್ಪುಗಟ್ಟಿದ ನೆಲದಲ್ಲಿ, 30 ಸಾವಿರ ವರ್ಷ ಹಳೆಯ ಪದರದ ಡಿಎನ್‌ಎ ಓದಿದರು. ಅಲ್ಲಿ ಇದೇ ವ್ಯಾಂಕೊಮೈಸಿನ್ ಜೀನ್‌ಗಳು ಇದ್ದವು. ಮಣ್ಣಿನ ಸೂಕ್ಷ್ಮಜೀವಿಗಳು ಲಕ್ಷಾಂತರ ವರ್ಷಗಳಿಂದ ಆ್ಯಂಟಿಬಯಾಟಿಕ್ ತಯಾರಿಸುತ್ತಿವೆ. ತಾವೇ ತಯಾರಿಸಿದ್ದಕ್ಕೆ ತಾವೇ ಸಾಯಬಾರದಲ್ಲ! ಹಾಗಾಗಿ ವಿಷದ ಜೊತೆಗೆ ರಕ್ಷಣೆಯೂ ಬೆಳೆದುಬಂದಿದೆ. ಪೆನಿಸಿಲಿನ್ ಆಸ್ಪತ್ರೆಗಳಲ್ಲಿ ಬಳಕೆಗೆ ಬರುವ ಮೊದಲೇ, 1940ರಲ್ಲೇ, ಅದನ್ನು ಮುರಿಯುವ ಕಿಣ್ವವನ್ನು ಏಬ್ರಹಾಂ ಮತ್ತು ಚೇನ್ ಬ್ಯಾಕ್ಟೀರಿಯಾದಲ್ಲಿ ಕಂಡಿದ್ದರು. ಮೆಥಿಸಿಲಿನ್ ಎಂಬ ಔಷಧಿ ಬಂದದ್ದು 1959ರಲ್ಲಿ. ಅದಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್, ಅಂದರೆ ಎಂಆರ್‌ಎಸ್‌ಎ, 1961ರಲ್ಲೇ ಬ್ರಿಟನ್ನಿನಲ್ಲಿ ವರದಿಯಾಯಿತು. ಆ ಹಳೇ ತಳಿಗಳನ್ನು ಜೋಪಾನ ಮಾಡಿಟ್ಟಿದ್ದರು. 2017ರಲ್ಲಿ ಅವುಗಳ ಡಿಎನ್‌ಎ ಓದಿ ಲೆಕ್ಕ ಹಾಕಿದಾಗ, ಮೆಕ್-ಎ ಎಂಬ ಆ ಜೀನ್ ಅವುಗಳಿಗೆ ಸಿಕ್ಕಿದ್ದು 1940ರ ದಶಕದ ನಡುವಿನಲ್ಲಿ ಅಂತ ತಿಳಿಯಿತು. ಮೆಥಿಸಿಲಿನ್ ಹುಟ್ಟುವ ಮೊದಲೇ! ಆಗ ಎಲ್ಲೆಡೆ ಸುರಿಯುತ್ತಿದ್ದ ಪೆನಿಸಿಲಿನ್ ಅದನ್ನು ಆರಿಸಿ ಇಟ್ಟಿತ್ತು.

ಹಾಗಾಗಿ ಈ ಜೀನ್‌ಗಳನ್ನು ಆಸ್ಪತ್ರೆ ಹುಟ್ಟಿಸಲಿಲ್ಲ. ಎಲ್ಲೆಲ್ಲೋ ಚದುರಿ ಬಿದ್ದಿದ್ದವನ್ನು ಒಂದೆಡೆ ಸೇರಿಸಿತು. ಇವತ್ತು ಜಗತ್ತಿನಾದ್ಯಂತ ಸೆಫಲೋಸ್ಪೊರಿನ್‌ಗಳನ್ನು ಮುರಿಯುತ್ತಿರುವ ಸಿಟಿಎಕ್ಸ್-ಎಂ ಜೀನ್‌ಗಳ ಮೂಲ ಕ್ಲೈವೆರಾ ಎಂಬ ಅಷ್ಟಾಗಿ ರೋಗ ತರದ ಬ್ಯಾಕ್ಟೀರಿಯಾ. ಅಲ್ಲಿ ಅದು ಎಷ್ಟೋ ಕಾಲದಿಂದ ತೆಪ್ಪಗೆ ಇತ್ತು. ಯಾವಾಗಲೋ ಒಂದು ನೆಗೆಯುವ ತುಂಡು ಅದನ್ನು ಎತ್ತಿ ಪ್ಲಾಸ್ಮಿಡ್ ಮೇಲೆ ಕೂರಿಸಿತು. ಆಮೇಲೆ ಅದಕ್ಕೆ ಗಡಿಗಳೇ ಇಲ್ಲ.

ಎನ್‌ಡಿಎಂ-1 ಎಂಬ ಜೀನ್‌ನ ಕತೆಯೂ ಹೀಗೇ. ನವದೆಹಲಿಯ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಸ್ವೀಡನ್‌ಗೆ ಮರಳಿದ ಒಬ್ಬ ರೋಗಿಯ ಕ್ಲೆಬ್ಸಿಯೆಲ್ಲಾದಲ್ಲಿ 2008ರಲ್ಲಿ ಇದು ಸಿಕ್ಕಿತು. 'ಎನ್‌ಡಿ' ಅಂದರೆ ನ್ಯೂ ಡೆಲ್ಲಿ; ಹೀಗೆ ಹೆಸರಿನಲ್ಲಿ ಊರನ್ನು ಸೇರಿಸಿದ್ದಕ್ಕೆ ದೊಡ್ಡ ಗಲಾಟೆಯೇ ಆಯಿತು. ಆ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ಹೆಸರಿನ ಜಗಳದಲ್ಲಿ ಮುಖ್ಯ ವಿಷಯ ಹಿಂದೆ ಸರಿಯಿತು ಅಂತಲೂ ಅನ್ನಿಸುತ್ತದೆ. ಆ ಜೀನ್‌ನ ಕಿಣ್ವ ಸತುವಿನ ಎರಡು ಅಯಾನುಗಳ ನೆರವಿನಿಂದ ಕಾರ್ಬಪೆನೆಮ್‌ಗಳನ್ನು ಕತ್ತರಿಸುತ್ತದೆ. ಐಸಿಯುನಲ್ಲಿ ಬೇರೆ ದಾರಿ ಕಾಣದಾಗ ಕೊಡುವ ಔಷಧಿಗಳು ಅವು. ಒಂದು ವಾರ್ಡಿನಲ್ಲಿ ಅದು ಒಮ್ಮೆ ಕ್ಲೆಬ್ಸಿಯೆಲ್ಲಾದಲ್ಲಿ, ಇನ್ನೊಮ್ಮೆ ಇ. ಕೋಲಿಯಲ್ಲಿ, ಮತ್ತೊಮ್ಮೆ ಎಂಟರೋಬ್ಯಾಕ್ಟರ್‌ನಲ್ಲಿ ಕಾಣಿಸಿಕೊಳ್ಳಬಹುದು. ರಿಜಿಸ್ಟರಿನಲ್ಲಿ ಅದು ಮೂರು ಬೇರೆ ಬೇರೆ ಸೋಂಕು ಅಂತ ದಾಖಲಾಗುತ್ತದೆ. ಓಡಾಡುತ್ತಿರುವುದು ಒಂದೇ ಪ್ಲಾಸ್ಮಿಡ್ ಆಗಿರಬಹುದು. ಬ್ಯಾಕ್ಟೀರಿಯಾದ ಹೆಸರು ಹಿಡಿದು ಹುಡುಕಿದರೆ ಈ ಸರಪಳಿ ಕಾಣುವುದೇ ಇಲ್ಲ, ಜೀನ್ ಹಿಡಿದು ಹುಡುಕಬೇಕು. ನಾನು ಇವತ್ತು ಹೇಳಬೇಕೆಂದು ಬಂದ ಮಾತು ಇದೇ.

ಹುಡುಕಿದರೆ ಏನೆಲ್ಲ ಸಿಗುತ್ತದೆ ಅನ್ನುವುದಕ್ಕೆ ಒಂದು ಘಟನೆ. 2011ರ ಜೂನ್‌ನಲ್ಲಿ ಅಮೆರಿಕದ ಬೆಥೆಸ್ಡಾದಲ್ಲಿರುವ ಎನ್‌ಐಎಚ್ (ಅಲ್ಲಿನ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ) ಕ್ಲಿನಿಕಲ್ ಸೆಂಟರ್‌ಗೆ ಕಾರ್ಬಪೆನೆಮ್‌ಗೆ ಬಗ್ಗದ ಕ್ಲೆಬ್ಸಿಯೆಲ್ಲಾ ಇದ್ದ ರೋಗಿಯೊಬ್ಬರು ಬಂದರು. ಮೊದಲೇ ಗೊತ್ತಿದ್ದರಿಂದ ಪ್ರತ್ಯೇಕ ಕೋಣೆ, ಗೌನು, ಗ್ಲೌಸು ಎಲ್ಲ ಪಾಲಿಸಿದರು. ಜುಲೈನಲ್ಲಿ ಅವರು ಬಿಡುಗಡೆಯಾಗಿ ಹೋದರು. ಮೂರು ವಾರ ಏನೂ ಇಲ್ಲ. ಆಮೇಲೆ ಇನ್ನೊಬ್ಬರಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. ನಂತರ ಮತ್ತೊಬ್ಬರು. ಕೊನೆಗೆ ಒಟ್ಟು 18 ರೋಗಿಗಳು. ಅವರಲ್ಲಿ 11 ಜನ ತೀರಿಕೊಂಡರು, 6 ಸಾವುಗಳಿಗೆ ಈ ಸೋಂಕೇ ಕಾರಣ. ಪ್ರತಿಯೊಬ್ಬರ ಕ್ಲೆಬ್ಸಿಯೆಲ್ಲಾದ ಸುಮಾರು 60 ಲಕ್ಷ ಅಕ್ಷರಗಳನ್ನೂ ಓದಿ ಹೋಲಿಸಿದರು. ಮೊದಲ ರೋಗಿಯಿಂದಲೇ ಮೂರು ಬೇರೆ ಬೇರೆ ಸಲ ಅದು ದಾಟಿತ್ತು. ನಡುವೆ ಕೆಲವರು ಯಾವ ಲಕ್ಷಣವೂ ಇಲ್ಲದೆ ಅದನ್ನು ಕರುಳಿನಲ್ಲಿ ಇಟ್ಟುಕೊಂಡು ಓಡಾಡಿದ್ದರು. ಸ್ವಚ್ಛ ಮಾಡಿಟ್ಟಿದ್ದ ಒಂದು ವೆಂಟಿಲೇಟರ್‌ನಲ್ಲಿ, ಸಿಂಕ್‌ಗಳ ನೀರು ಹೋಗುವ ತೂತಿನಲ್ಲಿ ಅದು ಸಿಕ್ಕಿತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಅವರು ಹಾಗೆ ಮಾಡಲಿಲ್ಲ. ಮೊದಲ ದಿನವೇ ಬಾಗಿಲು ಹಾಕಿದ್ದರು. ಆದರೂ ಅದು ದಾಟಿತು. ಅದನ್ನು ಮುಚ್ಚಿಡದೆ ಜಗತ್ತಿಗೆ ಹೇಳಿದ್ದಕ್ಕೆ ಅವರ ಬಗ್ಗೆ ನನಗೆ ಗೌರವ ಇದೆ.

2019ರ ಒಂದೇ ವರ್ಷದಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದ ನೇರವಾಗಿ ಆದ ಸಾವುಗಳು ಜಗತ್ತಿನಲ್ಲಿ 12.7 ಲಕ್ಷ ಅಂತ ಅಂದಾಜು. ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಪ್ರಶ್ನೆಗಳಿದ್ದರೆ ಕೇಳಿ.

ಮೊದಲ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. "ಆ ಔಷಧಿಯನ್ನು ಕೆಲವು ವರ್ಷ ಪೂರ್ತಿ ನಿಲ್ಲಿಸಿಬಿಟ್ಟರೆ ಬ್ಯಾಕ್ಟೀರಿಯಾ ಮತ್ತೆ ಮೊದಲಿನ ಹಾಗೆ ಆಗುತ್ತಾ?"

ಕೆಲವು ಸಲ ಆಗುತ್ತದೆ. ಫಿನ್ಲೆಂಡ್‌ನಲ್ಲಿ ಎರಿಥ್ರೊಮೈಸಿನ್ ಜಾತಿಯ ಔಷಧಿಗಳ ಬಳಕೆ ತಗ್ಗಿಸಿದ ಮೇಲೆ, ಗಂಟಲು ನೋವು ತರುವ ಸ್ಟ್ರೆಪ್ಟೊಕಾಕಸ್‌ನಲ್ಲಿ ಗಟ್ಟಿ ತಳಿಗಳ ಪಾಲು 1992ರಲ್ಲಿ 16.5 ಶೇಕಡಾ ಇದ್ದದ್ದು 1996ಕ್ಕೆ 8.6ಕ್ಕೆ ಇಳಿಯಿತು. ಆದರೆ ಸ್ವೀಡನ್ನಿನ ಒಂದು ಜಿಲ್ಲೆಯಲ್ಲಿ ಟ್ರೈಮೆಥೊಪ್ರಿಮ್ ಎಂಬ ಔಷಧಿಯ ಬಳಕೆಯನ್ನು ಎರಡು ವರ್ಷ ಶೇಕಡಾ 85ರಷ್ಟು ತಗ್ಗಿಸಿದರೂ ಇ. ಕೋಲಿ ಹೆಚ್ಚೇನೂ ಬದಲಾಗಲಿಲ್ಲ. ಹೆಚ್ಚುವರಿ ಜೀನ್ ಹೊರುವುದು ಬ್ಯಾಕ್ಟೀರಿಯಾಕ್ಕೆ ಭಾರ, ಆ ಭಾರಕ್ಕೆ ಅದು ನಿಧಾನವಾಗಿ ಬೆಳೆಯಬೇಕು. ಆದರೆ ಕಾಲ ಹೋದ ಹಾಗೆ ಬೇರೆ ಜೀನ್‌ಗಳಲ್ಲಿ ಸಣ್ಣಪುಟ್ಟ ಬದಲಾವಣೆ ಆಗಿ ಭಾರ ಹಗುರಾಗುತ್ತದೆ. ಇನ್ನೂ ಒಂದು ಕಾರಣ ಇದೆ. ಕೆಲವು ಪ್ಲಾಸ್ಮಿಡ್‌ಗಳು ವಿಷ ಮತ್ತು ಮದ್ದು ಎರಡನ್ನೂ ತಯಾರಿಸುತ್ತವೆ. ವಿಷ ಬಹಳ ಹೊತ್ತು ಬಾಳುತ್ತದೆ, ಮದ್ದು ಬೇಗ ಕರಗುತ್ತದೆ. ಪ್ಲಾಸ್ಮಿಡ್ ಇರುವವರೆಗೆ ಮದ್ದು ಹೊಸದಾಗಿ ಬರುತ್ತಲೇ ಇರುತ್ತದೆ. ಒಂದು ಮರಿ ಬ್ಯಾಕ್ಟೀರಿಯಾ ಪ್ಲಾಸ್ಮಿಡ್ ಕಳೆದುಕೊಂಡಿತು ಅಂದುಕೊಳ್ಳಿ. ಮೈಯಲ್ಲಿ ಉಳಿದ ಮದ್ದು ಮುಗಿಯುತ್ತದೆ, ವಿಷ ಉಳಿದಿರುತ್ತದೆ, ಮರಿ ಸಾಯುತ್ತದೆ. ಹೀಗೆ ಬಿಟ್ಟೆನೆಂದರೂ ಬಿಡದೆ ಪ್ಲಾಸ್ಮಿಡ್ ಅಂಟಿಕೊಂಡಿರುತ್ತದೆ.

ಎರಡನೆಯದು ಒಬ್ಬ ವಿದ್ಯಾರ್ಥಿನಿಯ ಪ್ರಶ್ನೆ. "ಕೋರ್ಸ್ ಪೂರ್ತಿ ಮಾಡದಿದ್ದರೆ ರೆಸಿಸ್ಟೆನ್ಸ್ ಬರುತ್ತೆ ಅಂತಾರಲ್ಲ, ಅದು ಸರೀನಾ ಮೇಡಂ?"

ಕ್ಷಯದಂಥ ಕಾಯಿಲೆಯಲ್ಲಿ ಖಂಡಿತ ಸರಿ. ಅಲ್ಲಿ ನಡುವೆ ಬಿಡಲೇಬಾರದು. ಆದರೆ ಎಲ್ಲ ಸೋಂಕಿಗೂ ಅದೇ ಮಾತು ಹೊಂದುವುದಿಲ್ಲ. ನುಂಗಿದ ಮಾತ್ರೆ ಬರೀ ಸೋಂಕಿನ ಜಾಗಕ್ಕೆ ಹೋಗುವುದಿಲ್ಲ. ಕರುಳಿನಲ್ಲಿರುವ ಲಕ್ಷ ಕೋಟಿ ಲೆಕ್ಕದ ಬ್ಯಾಕ್ಟೀರಿಯಾಗಳಿಗೂ ಅದರ ಬಿಸಿ ತಾಗುತ್ತದೆ. ಗಟ್ಟಿ ಜೀನ್‌ಗಳು ಉಳಿದು ಬೆಳೆಯುವುದು ಅಲ್ಲೇ ಜಾಸ್ತಿ. ಬೇಕಾದ್ದಕ್ಕಿಂತ ಹೆಚ್ಚು ದಿನ ನುಂಗಿದರೆ ಅದಕ್ಕೆ ಅಷ್ಟು ಹೆಚ್ಚು ಅವಕಾಶ. ಅದಕ್ಕೇ ಈಚೆಗೆ ಅನೇಕ ಸೋಂಕುಗಳಿಗೆ ದಿನಗಳನ್ನು ಕಡಿಮೆ ಮಾಡಿದ್ದಾರೆ, ಗುಣವೂ ಅಷ್ಟೇ ಚೆನ್ನಾಗಿ ಆಗುತ್ತಿದೆ. ಎಷ್ಟು ದಿನ ಅನ್ನುವುದನ್ನು ವೈದ್ಯರು ಹೇಳಲಿ. ನಾವೇ ನಿಲ್ಲಿಸುವುದೂ ಬೇಡ, ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆ ಅಂತ ಎತ್ತಿಡುವುದೂ ಬೇಡ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು. "ಸಿಂಕ್‌ನಲ್ಲಿ ಇರುತ್ತದೆ ಅಂದ್ರಲ್ಲಮ್ಮ. ಬ್ಲೀಚ್ ಹಾಕಿ ತೊಳೆದರೆ ಹೋಗಲ್ವಾ?"

ಹೋಗುವುದಿಲ್ಲ, ಸರ್. ಸಿಂಕ್‌ನ ಕೆಳಗೆ ಪೈಪ್ ಬಾಗಿರುತ್ತದಲ್ಲ, ಅಲ್ಲಿ ಸದಾ ನೀರು ನಿಂತಿರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಲೋಳೆಯ ಪದರ ಕಟ್ಟಿಕೊಂಡು ಒಟ್ಟಿಗೆ ಬಾಳುತ್ತವೆ. ಬೇರೆ ಬೇರೆ ಜಾತಿಗಳು ಮೈಗೆ ಮೈ ತಾಗಿಸಿಕೊಂಡು ಇರುವುದರಿಂದ ಪ್ಲಾಸ್ಮಿಡ್ ದಾಟಲು ಅದು ಹೇಳಿಮಾಡಿಸಿದ ಜಾಗ. ಬ್ಲೀಚ್ ಮೇಲಿನ ಪದರವನ್ನು ಸಾಯಿಸುತ್ತದೆ, ಅಡಿಯಿಂದ ಮತ್ತೆ ಬೆಳೆಯುತ್ತದೆ. 2017ರ ಒಂದು ಪ್ರಯೋಗದಲ್ಲಿ ಇ. ಕೋಲಿ ಆ ಬಾಗಿನಿಂದ ಪೈಪಿನ ಗೋಡೆ ಹಿಡಿದು ದಿನಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಮೇಲಕ್ಕೆ ಬೆಳೆಯಿತು. ಒಂದು ವಾರಕ್ಕೆ ಜಾಲರಿ ಮುಟ್ಟಿತು. ಆಮೇಲೆ ನಲ್ಲಿ ಬಿಟ್ಟರೆ ಹನಿಗಳ ಜೊತೆ ಸುತ್ತಮುತ್ತ ಸಿಡಿಯಿತು. ನೆದರ್ಲೆಂಡ್ಸ್‌ನ ಒಂದು ಐಸಿಯುನಲ್ಲಿ ರೋಗಿಗಳ ಕೋಣೆಯಿಂದ ಸಿಂಕ್‌ಗಳನ್ನೇ ತೆಗೆದು, ನಲ್ಲಿ ನೀರಿಲ್ಲದೆ ಆರೈಕೆ ಮಾಡಿ ನೋಡಿದರು. ಇಂಥ ಬ್ಯಾಕ್ಟೀರಿಯಾ ರೋಗಿಗಳಿಗೆ ಅಂಟಿಕೊಳ್ಳುವುದು ಕಡಿಮೆಯಾಯಿತು. ಕೈಗೆ ಆಲ್ಕೋಹಾಲ್ ರಬ್ ಸಾಕಾಗುತ್ತದೆ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಮಾತ್ರ ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಅದಿದ್ದ ಕಡೆ ಸೋಪು, ನೀರು ಬೇಕೇ ಬೇಕು. ಹಾಗಾಗಿ ಸಿಂಕ್ ಇರಲಿ, ರೋಗಿಯ ತಲೆದಿಂಬಿನಿಂದ ದೂರ ಇರಲಿ. ಅದರ ಪಕ್ಕದ ಕಟ್ಟೆಯ ಮೇಲೆ ಸಿರಿಂಜು, ಔಷಧಿ ಏನನ್ನೂ ಇಡಬೇಡಿ ಅಂತ ನಮ್ಮ ನರ್ಸ್‌ಗಳಿಗೆ ನಾನು ದಿನಾ ಹೇಳುತ್ತೇನೆ.